ಜೇಬಿನಲ್ಲಿ ದುಡ್ಡಿಲ್ಲ, ಮೆಚ್ಚಿದ ಕಲಾವಿದರಿಗೆ ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು. ಬಿ.ಇಡಿ ಓದುತ್ತಾ ಹಾಸ್ಟೆಲ್‌ನಲ್ಲಿದ್ದೇನೆ. ಮನೆಯಿಂದ ಬರುವ ದುಡ್ಡು ಮೆಸ್ ಬಿಲ್ಲು, ಜೆರಾಕ್ಸ್, ಮೊಬೈಲ್ ರೀಚಾರ್ಜಿಗೇ ಸರಿಹೋಗುತ್ತದೆ. ನಾಲ್ವರು ಕಲಾವಿದರೆಂದರೆ ನನಗೆ ಪ್ರಾಣ. ಒಬ್ಬರು ಶರೀಫರ ತತ್ವಪದ ಹಾಡಿ ಯೂಟ್ಯೂಬಿಗೆ ಹಾಕುವ ಗಾಯಕಿ, ಇನ್ನೂ ಆರುನೂರು ಸಬ್‌ಸ್ಕ್ರೈಬರ್‌ಗಳೂ ಆಗಿಲ್ಲ. ಇನ್ನೊಬ್ಬ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕುವ ಹುಡುಗ. ಮೂರನೆಯವರು ಕಥೆಗಾರ್ತಿ. ಅವರ ಪುಸ್ತಕ ಕೊಳ್ಳಲಾಗದೆ ಟೆಲಿಗ್ರಾಂನಲ್ಲಿ ಸಿಕ್ಕ ಪಿಡಿಎಫ್ ಓದಿದೆ, ಗೆಳತಿಯರಿಗೂ ಕಳಿಸಿದೆ. ನಾಲ್ಕನೆಯವರು ರಾತ್ರಿಯಿಡೀ ಬಯಲಲ್ಲಿ ಆಡುವ ದೊಡ್ಡಾಟವನ್ನು ಕಲಿಸುವ ನಮ್ಮೂರಿನ ಮಾಸ್ತರರು. ವಯಸ್ಸು 67. ಸುತ್ತಲಿನ ಹಳ್ಳಿಗಳಿಗೆಲ್ಲ ಆಟ ಕಲಿಸಿದವರು ಈಗ ಕೂಲಿಗೆ ಹೋಗುತ್ತಾರೆ. ಗಾಯಕಿಗೆ ಸಹಾಯವಾಗಲಿ ಎಂದು ನಾವು ಮೂವರು ಗೆಳತಿಯರು ರಾತ್ರಿ ಮೊಬೈಲ್ ಮ್ಯೂಟ್ ಮಾಡಿ ಅವರ ಹಾಡು ಓಡಲು ಬಿಡುತ್ತೇವೆ, ಜಾಹೀರಾತು ಬಂದರೆ ಒತ್ತುತ್ತೇವೆ. ಮಾಸ್ತರರ ಆಟವನ್ನು ಪೂರ್ತಿ ರೆಕಾರ್ಡ್ ಮಾಡಿ ನನ್ನ ಚಾನೆಲ್ಲಿಗೆ ಹಾಕಬೇಕೆಂದಿದ್ದೇನೆ. ಆದರೆ ರೂಮಿನ ಗೆಳತಿಯೊಬ್ಬಳು, 'ಒಂದು ರೂಪಾಯಿ ಬಿಚ್ಚದವರ ಅಭಿಮಾನ ಪುಕ್ಕಟೆ ಮಾತು' ಅನ್ನುತ್ತಾಳೆ. ಅವಳು ಹೇಳುವುದು ನಿಜವೇ? ನಾನು ಮಾಡುತ್ತಿರುವುದರಿಂದ ಏನಾದರೂ ಉಪಯೋಗವಿದೆಯೇ?

ಉತ್ತರ: ನಿಮ್ಮ ಗೆಳತಿಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕಲಾವಿದರ ಮನೆಯ ಒಲೆ ಹೊತ್ತಿಕೊಳ್ಳುವುದು ದುಡ್ಡಿನಿಂದಲೇ. ಆದರೆ ಆ ದುಡ್ಡು ನಿಮ್ಮ ಜೇಬಿನಿಂದಲೇ ಹೋಗಬೇಕು ಎಂದೇನಿಲ್ಲ. ಕಲಾವಿದರ ಒಪ್ಪಂದ, ರಾಯಲ್ಟಿ ಲೆಕ್ಕ, ಅನುದಾನದ ಅರ್ಜಿ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಮತ್ತೆ ಮತ್ತೆ ಕಾಣುವುದು ಇದು: ಕಲೆಗೆಂದೇ ತೆಗೆದಿಟ್ಟ ಹಣ ಕಾಲೇಜಿನಲ್ಲಿ, ಗ್ರಂಥಾಲಯದಲ್ಲಿ, ಸರ್ಕಾರಿ ಇಲಾಖೆಯಲ್ಲಿ ಇದ್ದೇ ಇರುತ್ತದೆ. ಯಾರಿಗೆ ಸಲ್ಲಬೇಕೋ ಅವರ ಹೆಸರು ಮಾತ್ರ ಆ ಮೇಜಿನವರೆಗೆ ಹೋಗಿರುವುದಿಲ್ಲ. ಹೋದರೂ ಜೊತೆಗೆ ಕಾಗದಪತ್ರ ಇರುವುದಿಲ್ಲ. ಖಾಲಿ ಜೇಬಿನ ಅಭಿಮಾನಿ ನಿಜವಾಗಿ ಕೈಹಾಕಬಹುದಾದ ಜಾಗ ಅದು. ನೀವು ಈಗ ಕೈಹಾಕಿರುವ ಜಾಗ ಬೇರೆ, ಹಾಗಾಗಿ ಮೊದಲು ಅದನ್ನೇ ನೋಡೋಣ.

ರಾತ್ರಿ ಮೊಬೈಲ್ ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಯೂಟ್ಯೂಬಿನ ಜಾಹೀರಾತು ಆದಾಯದಲ್ಲಿ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಸಬ್‌ಸ್ಕ್ರೈಬರ್‌ಗಳಿರಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ವಿಡಿಯೊ ನೋಡಿರಬೇಕು. ಇಲ್ಲವೇ 90 ದಿನಗಳಲ್ಲಿ ಕಿರುವಿಡಿಯೊಗಳಾದ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬರಬೇಕು. ಆ ಗೆರೆ ದಾಟದ ಚಾನೆಲ್ಲುಗಳಲ್ಲೂ ಯೂಟ್ಯೂಬ್ ಜಾಹೀರಾತು ತೋರಿಸುತ್ತದೆ, ಆದರೆ ಆ ಹಣ ಪೂರ್ತಿ ಕಂಪನಿಗೇ ಹೋಗುತ್ತದೆ. ಅಂದರೆ ನೀವು ಮೂವರು ಇಷ್ಟು ದಿನ ಒತ್ತಿದ ಜಾಹೀರಾತಿನಿಂದ ಗಾಯಕಿಗೆ ಒಂದು ಪೈಸೆಯೂ ಮುಟ್ಟಿಲ್ಲ. ನಾಳೆ ಅವರು ಆ ಗೆರೆ ದಾಟಿದ ಮೇಲೂ ನೀವು ಹೀಗೇ ಒತ್ತುತ್ತಿದ್ದರೆ ಅಪಾಯ ಇನ್ನೂ ದೊಡ್ಡದು. ಬೇಕೆಂದೇ ಜಾಹೀರಾತು ಒತ್ತುವುದನ್ನು ಅಲ್ಲಿ ಮೋಸವೆಂದೇ ಎಣಿಸುತ್ತಾರೆ, ಹಣ ಪಾವತಿಯ ಖಾತೆಯನ್ನೇ ಮುಚ್ಚಬಹುದು. ಒತ್ತಿದ್ದು ಪ್ರೀತಿಯ ಅಭಿಮಾನಿಯೋ, ಗಾಯಕಿಯೇ ಕೂಲಿ ಕೊಟ್ಟು ಒತ್ತಿಸಿದ್ದೋ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಯಾರೂ ನೋಡದೆ ಸುಮ್ಮನೆ ಓಡಿಸಿದ ವೀಕ್ಷಣೆಯನ್ನೂ ಅವರು ಸೋಸಿ ತೆಗೆಯಬಹುದು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲೂ ಹಾಗೇ: ನಕಲಿ ಕೇಳುವಿಕೆ ಹೆಚ್ಚೆಂದು ಕಂಡರೆ ಹಾಡು ಹಾಕಿದ ಸಂಸ್ಥೆಗೆ ದಂಡ ಬೀಳುತ್ತದೆ, ಅವರು ಅದನ್ನು ಕಲಾವಿದರ ತಲೆಗೆ ಕಟ್ಟುತ್ತಾರೆ.

ಹಾಗಾದರೆ ಕೇಳುವುದರಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ನಿಜವಾಗಿ ಕೇಳಬೇಕು. ಆರು ನಿಮಿಷದ ತತ್ವಪದವನ್ನು ಜನ ಕೊನೆತನಕ ಕೇಳಿದರೆ, 4,000 ಗಂಟೆ ತುಂಬಲು ಅದು 40,000 ಸಲ ಓಡಬೇಕು. ಮೂರು ಮೊಬೈಲುಗಳಿಂದ ಆಗುವ ಕೆಲಸವಲ್ಲ. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರುವುದೂ ಇಲ್ಲ. ಸ್ಪಾಟಿಫೈನಲ್ಲಿ ಲೆಕ್ಕ ಸ್ವಲ್ಪ ಹತ್ತಿರದ್ದು. ಅಲ್ಲಿ ಒಂದು ಹಾಡನ್ನು 30 ಸೆಕೆಂಡಾದರೂ ಕೇಳಿದರೆ ಒಂದು ಸಲ ಕೇಳಿದಂತೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ರಾಯಲ್ಟಿಯೇ ಇಲ್ಲ. ಎಂಟುನೂರರಲ್ಲಿ ನಿಂತ ಹಾಡನ್ನು ಒಂದು ಹಾಸ್ಟೆಲ್ಲಿನ ಹುಡುಗಿಯರು ನಿಜವಾಗಿಯೂ ಇಷ್ಟಪಟ್ಟು ಕೇಳಿದರೆ ಗೆರೆ ದಾಟಿಸಬಹುದು. ದಾಟಿದ ಮೇಲೆ ಬರುವ ಮೊತ್ತ ಮಾತ್ರ ಅತ್ಯಲ್ಪ, ಆಸೆ ಇಟ್ಟುಕೊಳ್ಳಬೇಡಿ.

ತತ್ವಪದ ಹಾಡುವವರಿಗೆ ನಾಲ್ಕು ಕಾಸು ಬರುವುದು ಕಾರ್ಯಕ್ರಮಗಳಿಂದ. ಮಠದ ಜಾತ್ರೆ, ಕಾಲೇಜಿನ ವಾರ್ಷಿಕೋತ್ಸವ, ನವೆಂಬರಿನ ರಾಜ್ಯೋತ್ಸವ. ಸಂಘಟಕರು ಹೊಸಬರನ್ನು ಕರೆಯುವ ಮುಂಚೆ ಮೊಬೈಲಿನಲ್ಲಿ ಒಂದೆರಡು ಹಾಡು ಕೇಳಿ, ಕೆಳಗಿನ ಕಾಮೆಂಟುಗಳ ಮೇಲೆ ಕಣ್ಣಾಡಿಸುತ್ತಾರೆ. ಅಲ್ಲಿ ಬರೀ ಹೃದಯದ ಚಿತ್ರಗಳಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ. 'ಈ ಪದ ನಮ್ಮಜ್ಜಿ ಹಾಡುತ್ತಿದ್ದ ಧಾಟಿಯಲ್ಲೇ ಇದೆ, ಏಕತಾರಿಯೊಂದರಲ್ಲೇ ಇಷ್ಟು ತುಂಬಿಕೊಂಡಿದೆ' ಎಂದು ಯಾರಾದರೂ ಬರೆದಿದ್ದರೆ ಸಂಘಟಕರಿಗೆ ಏನು ಕರೆಯುತ್ತಿದ್ದೇವೆ ಎಂಬ ಅಂದಾಜು ಸಿಗುತ್ತದೆ. ಲಿಂಕನ್ನು ಐವತ್ತು ಗುಂಪಿಗೆ ಎಸೆಯುವುದಕ್ಕಿಂತ, ಭಜನಾ ಮಂಡಳಿ ನಡೆಸುವ ನಿಮ್ಮ ಅತ್ತೆಗೋ, ಕಾಲೇಜಿನ ಸಂಗೀತದ ಮೇಷ್ಟ್ರಿಗೋ 'ಇದನ್ನು ನೀವು ಕೇಳಲೇಬೇಕು' ಎಂದು ಹೆಸರು ಹಿಡಿದು ಕಳಿಸಿ. ಇನ್ನೊಂದು ಸಣ್ಣ ಸಂಗತಿ: ಚಾನೆಲ್ಲಿನ ವಿವರಣೆಯಲ್ಲಿ ಸಂಪರ್ಕಕ್ಕೆ ಇಮೇಲ್ ಇದೆಯೇ ನೋಡಿ. ಎಷ್ಟೋ ಗಾಯಕರು ಅದನ್ನು ಹಾಕಿಯೇ ಇರುವುದಿಲ್ಲ, ಕರೆಯಬೇಕೆಂದವರು ಹುಡುಕಿ ಸುಮ್ಮನಾಗುತ್ತಾರೆ. ಇಲ್ಲದಿದ್ದರೆ ಒಂದು ಸಾಲು ಬರೆದು ತಿಳಿಸಿ. ಅವರ ಸ್ವಂತ ನಂಬರ್ ನಿಮಗೆ ಸಿಕ್ಕರೂ ಕಾಮೆಂಟಿನಲ್ಲಿ ಮಾತ್ರ ಹಾಕಬೇಡಿ.

ಶರೀಫರ ಪದ ಎಂದಿರಿ, ಅದಕ್ಕೊಂದು ಎಚ್ಚರಿಕೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಸಾಹಿತ್ಯ ಎಲ್ಲರ ಸೊತ್ತು. ಆದರೆ ನಾವು ಕ್ಯಾಸೆಟ್ಟಿನ ಕಾಲದಿಂದ ಕೇಳಿದ ಎಷ್ಟೋ ರಾಗಸಂಯೋಜನೆಗಳಿಗೆ, ಧ್ವನಿಮುದ್ರಣಗಳಿಗೆ ಬೇರೆ ಹಕ್ಕುದಾರರಿದ್ದಾರೆ. ಆ ಧಾಟಿಯಲ್ಲಿ ಹಾಡಿದ್ದಕ್ಕೆ ನಿಮ್ಮ ಗಾಯಕಿಗೆ ಕಾಪಿರೈಟ್ ನೋಟಿಸ್ ಬಂದರೆ, ಅಭಿಮಾನಿಗಳೆಲ್ಲ ಸೇರಿ ಆ ಕಂಪನಿಯ ಪುಟಕ್ಕೆ ಹೋಗಿ ಬೈಯುವುದರಿಂದ ಅವರಿಗೆ ನಷ್ಟವೇ ಹೊರತು ಲಾಭವಿಲ್ಲ.

ಚಿತ್ರಕಾರ ಹುಡುಗನ ವಿಷಯ ಚಿಕ್ಕದು. ಅವನ ಚಿತ್ರ ಸ್ಟೇಟಸ್ಸಿಗೆ ಹಾಕುವಾಗ ಮೂಲೆಯ ಸಹಿ ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ಚಿತ್ರವನ್ನು ಇಳಿಸಿಕೊಂಡು ಹಂಚುವ ಬದಲು ಅವನ ಪೋಸ್ಟನ್ನೇ ಹಂಚಿ. ಹೆಸರು ಹೇಳಿಸಿಕೊಳ್ಳುವುದು ಕಲಾವಿದನ ಹಕ್ಕೆಂದು 1957ರ ಕೃತಿಸ್ವಾಮ್ಯ ಕಾಯ್ದೆಯೇ ಹೇಳುತ್ತದೆ. ನಿಮ್ಮ ಕಾಲೇಜು ಮ್ಯಾಗಜಿನ್ನಿಗೆ ಮುಖಪುಟ ಬೇಕಾದಾಗ, ಬಳಗದಲ್ಲಿ ಮದುವೆಯ ಕರೆಯೋಲೆ ಮಾಡಿಸುವಾಗ ಅವನ ಹೆಸರು ಹೇಳಿ, ರೇಟು ಅವನೇ ಹೇಳಲಿ. ಅವನ ಶೈಲಿಯಲ್ಲೇ ಎಐ ಆ್ಯಪಿನಿಂದ ಒಂದು ಪೋಸ್ಟರ್ ಮಾಡಿಸಿ ಅವನನ್ನೇ ಟ್ಯಾಗ್ ಮಾಡುವ ಅಭಿಮಾನಿಗಳೂ ಈಗ ಹುಟ್ಟಿಕೊಂಡಿದ್ದಾರೆ. ಅದಕ್ಕಿಂತ ಸುಮ್ಮನಿರುವುದು ಮೇಲು.

ಇನ್ನು ಪಿಡಿಎಫ್. ನೀವು ಓದಿದ್ದಕ್ಕೆ ನಾನು ಪಾಠ ಹೇಳುವುದಿಲ್ಲ, ಪುಸ್ತಕದ ಹಸಿವು ನನಗೂ ಗೊತ್ತು. ಆದರೆ ಗೆಳತಿಯರಿಗೆ ಕಳಿಸಿದಿರಲ್ಲ, ಅದನ್ನು ನಿಲ್ಲಿಸಿ. 'ಪಿಡಿಎಫ್ ಹರಡಿದರೆ ಹೆಸರು ಬರುತ್ತದೆ, ಆಮೇಲೆ ಜನ ಕೊಳ್ಳುತ್ತಾರೆ' ಎಂಬ ಮಾತು ಬಹಳ ಓಡಾಡುತ್ತಿದೆ. ಕನ್ನಡದ ಕಥಾಸಂಕಲನಕ್ಕೆ ಇದು ಹೊಂದುವುದಿಲ್ಲ. ಇಲ್ಲಿ ಮೊದಲ ಮುದ್ರಣವೆಂದರೆ ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ. ₹200ರ ಪುಸ್ತಕಕ್ಕೆ ಶೇ 10 ರಾಯಲ್ಟಿ ಎಂದರೆ ಪ್ರತಿಯೊಂದಕ್ಕೆ ಲೇಖಕಿಗೆ ₹20. ನಿಮ್ಮ ಒಂದು ಪ್ರತಿಯಿಂದ ಅವರೇನೂ ಶ್ರೀಮಂತರಾಗುವುದಿಲ್ಲ ನಿಜ. ಆದರೆ ಆ ಐನೂರು ಪ್ರತಿ ಗೋದಾಮಿನಲ್ಲೇ ಉಳಿದರೆ ಪ್ರಕಾಶಕರು ಅವರ ಮುಂದಿನ ಹಸ್ತಪ್ರತಿ ಕೈಗೆತ್ತಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಪೆಟ್ಟು ಬೀಳುವುದು ಅಲ್ಲಿ.

ನಿಮ್ಮ ಕೈಲಿರುವ ದಾರಿ ಗ್ರಂಥಾಲಯ. ಬಿ.ಇಡಿ ಕಾಲೇಜಿನ ಗ್ರಂಥಪಾಲಕರು ವರ್ಷಕ್ಕೊಮ್ಮೆಯಾದರೂ ಪುಸ್ತಕಪಟ್ಟಿ ಮಾಡುತ್ತಾರೆ, ಕನ್ನಡ ಕಥೆಯ ಸಾಲಿನಲ್ಲಿ ಏನು ಹಾಕಬೇಕೆಂದು ಅವರಿಗೇ ತೋಚಿರುವುದಿಲ್ಲ. ಶೀರ್ಷಿಕೆ, ಲೇಖಕಿ, ಪ್ರಕಾಶಕರು, ಬೆಲೆ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಒಂದು ಚೀಟಿಯಲ್ಲಿ ಬರೆದು, ಐದಾರು ವಿದ್ಯಾರ್ಥಿನಿಯರ ಸಹಿ ಹಾಕಿಸಿ ಕೊಡಿ. ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೂ, ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಕೇಳಿ. ಇದು ಭಿಕ್ಷೆಯಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುತ್ತದೆ, ಅಂದರೆ ಪುಸ್ತಕದ ದುಡ್ಡನ್ನು ಜನ ಆಗಲೇ ಕಟ್ಟಿಯಾಗಿದೆ. ಪುಸ್ತಕ ಬಂದ ಮೇಲೆ ಅದನ್ನು ಎರವಲು ಪಡೆಯುತ್ತಿರಿ, ಗೆಳತಿಯರಿಂದಲೂ ಪಡೆಸಿ. ಕಪಾಟಿನಿಂದ ಅಲುಗಾಡದ ಲೇಖಕರ ಎರಡನೇ ಪುಸ್ತಕವನ್ನು ಗ್ರಂಥಪಾಲಕರು ತರಿಸುವುದು ಕಷ್ಟ. ಜೊತೆಗೆ ಒಂದು ಕಥೆಯ ಬಗ್ಗೆ ಒಂದು ಪುಟ ಬರೆಯಿರಿ, ಹೊಗಳಿಕೆಯೇ ಆಗಬೇಕಿಲ್ಲ. ಹೊಸ ಕಥೆಗಾರರಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸುವುದು ಯಾರೂ ಏನೂ ಹೇಳದಿರುವುದು.

ಈಗ ಮಾಸ್ತರರ ವಿಷಯ. ನಾಲ್ವರಲ್ಲಿ ನಿಮ್ಮ ಸಹಾಯ ಹೆಚ್ಚು ಬೇಕಾಗಿರುವುದು ಇವರಿಗೆ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ರೆಕಾರ್ಡಿಂಗಿನಿಂದ ಶುರುಮಾಡೋಣ. ಬಯಲಲ್ಲಿ ಆಡುವ ಆಟ, ಟಿಕೆಟಿಲ್ಲ, ಹಾಗಾಗಿ ಯಾರು ಬೇಕಾದರೂ ಚಿತ್ರೀಕರಿಸಿ ಹಾಕಬಹುದು ಎಂದೇ ಬಹಳ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೂ ಅವರ ಪ್ರದರ್ಶನದ ಮೇಲೆ ಹಕ್ಕಿದೆ, 2012ರಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಪ್ರದರ್ಶಕರು ಯಾರೆಂಬ ಪಟ್ಟಿಯಲ್ಲಿ ನಟ, ಗಾಯಕರ ಜೊತೆ ದೊಂಬರಾಟದವರು, ಹಾವಾಡಿಗರೂ ಇದ್ದಾರೆ ಎಂದಮೇಲೆ ದೊಡ್ಡಾಟದವರು ಇಲ್ಲದಿರುತ್ತಾರೆಯೇ? ನಿಮ್ಮ ಸ್ವಂತ ನೋಡುವಿಕೆಗೆ, ಪಾಠಕ್ಕೆ, ಸಂಶೋಧನೆಗೆ ರೆಕಾರ್ಡ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಚಾನೆಲ್ಲಿಗೆ ಏರಿಸಬೇಕಾದರೆ ಒಪ್ಪಿಗೆ ಬೇಕು. ಮಾಸ್ತರರೊಬ್ಬರದೇ ಸಾಲದು, ವೇಷಧಾರಿಗಳದ್ದೂ ಮೇಳದವರದ್ದೂ ಬೇಕು. ಇಡೀ ರಾತ್ರಿಯ ಆಟ ಯಾರದೋ ಚಾನೆಲ್ಲಿನಲ್ಲಿ ಲಕ್ಷಗಟ್ಟಲೆ ವೀಕ್ಷಣೆ ಪಡೆದು, ಕುಣಿದವರಿಗೆ ಸುದ್ದಿಯೂ ಗೊತ್ತಿಲ್ಲದ ಪ್ರಕರಣಗಳು ನನ್ನ ಮುಂದೆ ಬಂದಿವೆ. ನೀವು ಹಾಕುವುದಾದರೆ ಮೇಳದ ಹೆಸರಿನಲ್ಲೇ ಒಂದು ಚಾನೆಲ್ ತೆರೆದು, ಮಾಸ್ತರರ ಮನೆಯ ಹುಡುಗರಲ್ಲಿ ಯಾರಿಗಾದರೂ ಪಾಸ್‌ವರ್ಡ್ ಒಪ್ಪಿಸಿಬಿಡಿ. ಸಾರಥಿ ಯಾರು, ಮದ್ದಳೆ ಯಾರದು, ಯಾವ ಊರ ಮೇಳ ಎಂದು ಪ್ರತಿಯೊಬ್ಬರ ಹೆಸರನ್ನೂ ವಿವರಣೆಯಲ್ಲಿ ಬರೆಯಿರಿ.

ಇದಕ್ಕಿಂತ ತುರ್ತಿನದು ಮಾಸಾಶನ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ತಿಂಗಳು ತಿಂಗಳು ಹಣ ಬರುವ ಯೋಜನೆಯಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ್ದೂ ಒಂದಿದೆ, 60 ದಾಟಿದವರಿಗೆ. ನಿಮ್ಮ ಮಾಸ್ತರರಿಗೆ ವಯಸ್ಸಾಗಿದೆ, ಬಡತನವಿದೆ, ಕಲೆಯೂ ಇದೆ. ಆದರೂ ಇಂಥವರ ಅರ್ಜಿ ಬಿದ್ದುಹೋಗುತ್ತದೆ, ಅಥವಾ ಅರ್ಜಿಯನ್ನೇ ಹಾಕಿರುವುದಿಲ್ಲ. ಏಕೆಂದರೆ ಕಲಾಸೇವೆಗೆ ದಾಖಲೆ ಕೇಳುತ್ತಾರೆ, ದೊಡ್ಡಾಟದವರ ಬಳಿ ದಾಖಲೆ ಎಂಬುದೇ ಇರುವುದಿಲ್ಲ. ಶಾಸ್ತ್ರೀಯ ಗಾಯಕರಿಗೆ ಆಹ್ವಾನಪತ್ರಿಕೆ, ಆಕಾಶವಾಣಿಯ ಕರಾರುಪತ್ರ, ಪತ್ರಿಕಾ ವಿಮರ್ಶೆ ಎಲ್ಲ ಇರುತ್ತವೆ. ಊರ ಕಟ್ಟೆಯ ಮುಂದೆ ಬೆಳತನಕ ಆಡಿಸಿದ ಆಟಕ್ಕೆ ಏನಿರುತ್ತದೆ? ಹೆಚ್ಚೆಂದರೆ ಒಂದು ಕರಪತ್ರ, ಅದೂ ಯಾರದೋ ಟ್ರಂಕಿನ ತಳದಲ್ಲಿ.

ಆ ಟ್ರಂಕು ತೆಗೆಸುವುದು ನಿಮ್ಮ ಕೆಲಸ. ರಜೆಗೆ ಊರಿಗೆ ಹೋದಾಗ ಮಾಸ್ತರರು ಆಟ ಕಲಿಸಿದ ಊರುಗಳ ಪಟ್ಟಿ ಮಾಡಿಕೊಳ್ಳಿ. ಆ ಊರುಗಳಲ್ಲಿ ಪಾತ್ರ ಹಾಕಿದವರ ಮನೆಗಳಲ್ಲಿ ಹಳೆಯ ಕರಪತ್ರ, ಫೋಟೊ, ಸನ್ಮಾನಪತ್ರ ಇದ್ದೇ ಇರುತ್ತವೆ, ಕಿರೀಟ ಹಾಕಿಕೊಂಡು ತೆಗೆಸಿದ ಫೋಟೊವನ್ನು ಯಾರೂ ಬಿಸಾಡುವುದಿಲ್ಲ. ಮೊಬೈಲಿನಲ್ಲಿ ಸ್ಪಷ್ಟವಾಗಿ ಫೋಟೊ ತೆಗೆದು ಮೂಲವನ್ನು ಅಲ್ಲೇ ವಾಪಸ್ ಕೊಡಿ. ಪ್ರತಿಯೊಂದಕ್ಕೂ ಊರು, ವರ್ಷ, ಪ್ರಸಂಗ ಬರೆದಿಡಿ. ವರ್ಷ ಖಾತ್ರಿಯಿಲ್ಲದಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ, ಒಂದು ತಪ್ಪು ಇಸವಿಯಿಂದ ಇಡೀ ಕಡತದ ಮೇಲೆ ಅನುಮಾನ ಹುಟ್ಟುತ್ತದೆ. ಸ್ಥಳೀಯ ಪತ್ರಿಕೆಯ ವರದಿಗಾರರಿಗೆ ಮಾಸ್ತರರ ಬಗ್ಗೆ ಹೇಳಿ, ಒಂದು ಸಣ್ಣ ವರದಿ ಬಂದರೂ ಅದು ದಾಖಲೆಯೇ. ಆಮೇಲೆ ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಈ ವರ್ಷದ ನಿಯಮ, ಕೊನೆಯ ದಿನಾಂಕ, ಲಗತ್ತಿಸಬೇಕಾದ ಪ್ರಮಾಣಪತ್ರಗಳನ್ನು ಕೇಳಿ ಬರೆದುಕೊಳ್ಳಿ. ಈಗಾಗಲೇ ವೃದ್ಧಾಪ್ಯ ವೇತನ ಬರುತ್ತಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಿ, ಎರಡರಲ್ಲಿ ಯಾವುದು ಉಳಿಯುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಅರ್ಜಿ ಹಾಕಿ.

ಇಲ್ಲಿ ಅಪಾಯವೂ ಇದೆ. ಮಾಸ್ತರರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ನಿಮ್ಮ ಮೊಬೈಲಿಗೆ ಬರುತ್ತದೆ. ಅವನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. ಒಟಿಪಿ ಬಂದಾಗ ಅವರೂ ನೀವೂ ಒಂದೇ ಕಡೆ ಕೂತಿರಬೇಕು. ಮಾಸಾಶನ ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳುವ ಮಧ್ಯವರ್ತಿಗಳು ಸಿಗುತ್ತಾರೆ, ಅವರಿಗೆ ಚಹಾ ಕೂಡ ಕೊಡಿಸಬೇಡಿ. ನೀವು ಕೂಡ 'ಆಗೇ ಆಗುತ್ತದೆ' ಎಂದು ಮಾತು ಕೊಡಬೇಡಿ. ಅರ್ಜಿ ವರ್ಷಗಟ್ಟಲೆ ಕೂರುವುದೂ ಉಂಟು, ಆಸೆ ಹುಟ್ಟಿಸಿ ಹೋದ ಹುಡುಗಿಯ ಮೇಲೆ ಮುದುಕರಿಗೆ ಬೇಸರ ಬರುತ್ತದೆ.

ಅದೇ ಕಡತ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ದೊಡ್ಡಾಟ, ಸಣ್ಣಾಟಗಳಿಗೆಂದೇ ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಅದರ ಪ್ರಶಸ್ತಿ, ತರಬೇತಿ ಶಿಬಿರಗಳ ಪ್ರಕಟಣೆ ಗಮನಿಸುತ್ತಿರಿ. ಶಿಗ್ಗಾಂವಿಯ ಹತ್ತಿರ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಿಮ್ಮ ಜಿಲ್ಲೆಯಲ್ಲೇ ಇದೆ. ಮಾಸ್ತರರ ಕೈಬರಹದ ಆಟದ ಪುಸ್ತಕಗಳಿದ್ದರೆ ಅಲ್ಲಿನ ಅಧ್ಯಾಪಕರಿಗೆ ತೋರಿಸಿ, ಮೂಲಪ್ರತಿ ಮಾತ್ರ ಮಾಸ್ತರರ ಕೈಬಿಟ್ಟು ಹೋಗದಿರಲಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹೆಸರು ಸೂಚಿಸಬಹುದು, ಶುಲ್ಕವಿಲ್ಲ, 800 ಪದಗಳೊಳಗೆ ಸಾಧನೆ ಬರೆಯಬೇಕು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ, ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ 2025ರಲ್ಲಿ ಪದ್ಮಶ್ರೀ ಬಂತು. ಹಾಗಂತ ಮೊದಲ ಹೆಜ್ಜೆ ಅಲ್ಲಿಡಬೇಡಿ. ಮಾಸಾಶನ, ಅಕಾಡೆಮಿ, ಜಿಲ್ಲಾ ರಾಜ್ಯೋತ್ಸವ ಸನ್ಮಾನ, ಈ ಕ್ರಮದಲ್ಲಿ ಹೋದರೆ ಒಂದರ ದಾಖಲೆ ಇನ್ನೊಂದಕ್ಕೆ ಆಧಾರವಾಗುತ್ತದೆ.

ವಿಕಿಪೀಡಿಯದಲ್ಲಿ ಪುಟ ಬರೆಯಲೇ ಎಂದು ನಿಮ್ಮಂಥ ಹುಡುಗಿಯರು ಕೇಳುತ್ತಿರುತ್ತಾರೆ. ಮಾಸ್ತರರ ಬಗ್ಗೆ ಪತ್ರಿಕೆ, ಪುಸ್ತಕಗಳಲ್ಲಿ ಏನೂ ಬಂದಿಲ್ಲದಿದ್ದರೆ ಪುಟ ಅಳಿಸಿಹೋಗುತ್ತದೆ. ಈಗಲೇ ಮಾಡಬಹುದಾದದ್ದು ಬೇರೆ: ಕನ್ನಡ ವಿಕಿಪೀಡಿಯದ ದೊಡ್ಡಾಟದ ಲೇಖನಕ್ಕೆ ನೀವೇ ತೆಗೆದ ಒಳ್ಳೆಯ ಫೋಟೊ ಸೇರಿಸಬಹುದು. ಆದರೆ ಹಾಗೆ ಕೊಟ್ಟ ಫೋಟೊವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಫೋಟೊದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಿ, ಅವರು ಹೂಂ ಎಂದರೆ ಮಾತ್ರ ಹಾಕಿ.

ಕೊನೆಗೆ ನಿಮ್ಮ ಕಾಲೇಜು. ವಾರ್ಷಿಕೋತ್ಸವಕ್ಕೆ ಹೇಗೂ ಖರ್ಚು ಮಾಡುತ್ತಾರೆ. ಅದರಲ್ಲಿ ಒಂದು ತುಣುಕು ಗಾಯಕಿಗೋ ಮಾಸ್ತರರ ಮೇಳಕ್ಕೋ ಸಲ್ಲುವಂತೆ ಮಾಡಿದರೆ, ನೀವು ನೂರು ರಾತ್ರಿ ಮೊಬೈಲ್ ಓಡಿಸಿದ್ದಕ್ಕಿಂತ ಹೆಚ್ಚಿನ ಮೊತ್ತ ಅವರ ಕೈಸೇರುತ್ತದೆ. ಖರ್ಚಿನ ಪಟ್ಟಿ ಅಂತಿಮವಾಗುವ ಮೊದಲೇ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಡಿ: ಯಾರು, ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು, ಮೈಕು ಎಷ್ಟು ಬೇಕು, ಎಲ್ಲಿಂದ ಬರಬೇಕು, ಎರಡು ಹಾಡಿನ ಲಿಂಕು. ಸಂಭಾವನೆ ಎಷ್ಟೆಂದು ಕಲಾವಿದರನ್ನೇ ಮೊದಲು ಕೇಳಿ, ಆ ಅಂಕಿಯನ್ನೂ ಪತ್ರದಲ್ಲಿ ಬರೆಯಿರಿ. 'ಮಕ್ಕಳ ಕಾರ್ಯಕ್ರಮ, ಪ್ರಚಾರ ಸಿಗುತ್ತದೆ, ಬಂದುಬಿಡಿ' ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಕಾಲೇಜಿನವರು ಶಾಲು, ಹಾರ, ನೆನಪಿನ ಕಾಣಿಕೆಯಲ್ಲಿ ಮುಗಿಸಲು ನೋಡಿದರೆ, ಅವುಗಳ ಬೆಲೆಯನ್ನೂ ಸಂಭಾವನೆಗೇ ಸೇರಿಸಿ ಕೊಡಿ ಎಂದು ವಿನಯದಿಂದಲೇ ಕೇಳಿ. ಮನೆಯಲ್ಲಿ ಶಾಲುಗಳ ರಾಶಿಯಿದ್ದು ಅಕ್ಕಿಗೆ ಸಾಲ ಮಾಡುವ ಕಲಾವಿದರನ್ನು ನಾನು ಬೇಕಾದಷ್ಟು ಬಲ್ಲೆ. ಜೀಪಿನ ಬಾಡಿಗೆ, ಮೇಳದವರ ಊಟ ಸಂಭಾವನೆಯಲ್ಲೇ ಬಂತೋ ಬೇರೆಯೋ, ಹಣ ಅಂದೇ ಕೈಗೆ ಸಿಗುವುದೋ ಬಿಲ್ಲು ಪಾಸಾದ ಮೇಲೋ ಎಂಬುದನ್ನೂ ಕಚೇರಿಯಲ್ಲಿ ಕೇಳಿ ತಿಳಿದು, ಅವರು ಊರು ಬಿಡುವ ಮುಂಚೆಯೇ ತಿಳಿಸಿ.